ಬೆಳ್ಳಿಯ ಶ್ವಾಸಕೋಶ

ಮಹಾಬಲನ ಪ್ಯಾಂಟಿನ ಒಂದು ಕಾಲನ್ನು ಒಳಮೈ ಹೊರಗೆ ಮಾಡಿ, ಇನ್ನೊಂದು ಕಾಲು ಎಳೆಯುವಷ್ಟರಲ್ಲಿ ಸುಬ್ಬಲಕ್ಷ್ಮಿಯ ಕೈಗೆ ಗಟ್ಟಿಯಾದದ್ದೇನೋ ತಾಗಿತು. ವಾಷಿಂಗ್ ಮೆಷಿನ್ನಿಗೆ ಹಾಕುವ ಮೊದಲು ಜೇಬು ತಡಕುವುದು ಅವಳ ಪದ್ಧತಿ. ಇಷ್ಟು ವರ್ಷಗಳಲ್ಲಿ ಆ ಜೇಬುಗಳಿಂದ ಬಸ್ ಟಿಕೆಟು, ಅರ್ಧ ಚೀಪಿದ ಶುಂಠಿ ಮಿಠಾಯಿ, ಒಮ್ಮೆ ಆಫೀಸಿನ ಬೀರುವಿನ ಬೀಗದಕೈ ಕೂಡ ಹೊರಬಂದದ್ದುಂಟು. ಈ ಸಲ ಬಂದದ್ದು ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡದೊಂದು ಕಪ್ಪು ಡಬ್ಬಿ. ಅದರ ತಲೆಯ ಮೇಲೆ ಪುಟ್ಟ ಗಾಜಿನ ಭರಣಿ, ಭರಣಿಯ ಮೇಲೆ ಪೀಪಿಯ ಹಾಗೆ ಒಂದು ಬಾಯಿ. ಜೊತೆಗೆ ಗಡಿಯಾರದ ಸೆಲ್ಲಿಗಿಂತ ದಪ್ಪ, ಉದ್ದ ಇರುವ ಒಂದು ಬಿಡಿ ಸೆಲ್. ಅದರ ಹಸಿರು ಪ್ಲಾಸ್ಟಿಕ್ ಸಿಪ್ಪೆ ಕುತ್ತಿಗೆಯ ಹತ್ತಿರ ಹರಿದು, ಒಳಗಿನ ಲೋಹ ಹೊಳೆಯುತ್ತಿತ್ತು. ಡಬ್ಬಿಯನ್ನು ಮೂಸಿದಳು. ಅನಾನಸು.

ಅದೇ ಹೊತ್ತಿಗೆ ಮಹಾಬಲ ಸ್ನಾನ ಮುಗಿಸಿ, ಟವೆಲು ಸುತ್ತಿಕೊಂಡು, ಏನೋ ಗುನುಗುತ್ತಾ ಹೊರಗೆ ಬಂದ. ಹೆಂಡತಿಯ ಕೈ ನೋಡಿದ. ಗುನುಗು ನಿಂತಿತು.

"ಇದೆಂತದು?" ಎಂದು ಸುಬ್ಬಲಕ್ಷ್ಮಿ ಕೇಳಿದಳು.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿದಿರಬೇಕು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿರುವ ಈ ಮಹಾಬಲ ಸಾಮಾನ್ಯ ಮನುಷ್ಯನಲ್ಲ. ಸಿಗರೇಟು ಬಿಟ್ಟವನು. ಬಿಟ್ಟದ್ದಕ್ಕೆ ಕೊಚ್ಚಿಯ ಕನ್ನಡಿಗರ ಸಂಘದ ವಾರ್ಷಿಕೋತ್ಸವದಲ್ಲಿ ಅವನಿಗೆ ಶಾಲು ಹೊದಿಸಿದ್ದರು. ಅವನು ಮೈಕಿನ ಮುಂದೆ ನಿಂತು ಸಂಕಲ್ಪ ಬಲದ ಬಗ್ಗೆ ಮಾತಾಡಿದ್ದ. ಕಾಸರಗೋಡಿನಿಂದ ಬಂದ ನೆಂಟರು ಮೊದಲ ಸಾಲಿನಲ್ಲಿ ಕುಳಿತು ಕಣ್ಣು ಒರೆಸಿಕೊಂಡಿದ್ದರು. ಆ ಶಾಲು ಇಸ್ತ್ರಿ ಆಗಿ ಕಪಾಟು ಸೇರುವ ಮೊದಲೇ ಸಂಕಲ್ಪ ಬಲ ಎಲ್ಲಿಗೋ ಹೋಗಿತ್ತು. ಯಾರ ಮೂಲಕವೋ, ಯಾರಿಗೂ ಹೇಳದೆ, ಅವನು ಈ ಡಬ್ಬಿ ತರಿಸಿಕೊಂಡಿದ್ದ. ಇದು ಸಿಗರೇಟೇ, ಆದರೆ ಬೆಂಕಿಯ ಬದಲು ಬ್ಯಾಟರಿಯಲ್ಲಿ ಸೇದುವುದು. ಇಂಥದ್ದನ್ನು ತರುವುದು, ಮಾರುವುದು ನಮ್ಮಲ್ಲಿ ಕಾನೂನಿಗೆ ವಿರುದ್ಧ. ಸರ್ಕಾರಿ ನೌಕರ, ಶಾಲು ಹೊದ್ದವನು, ಟವೆಲಿನಲ್ಲಿ ನಿಂತಿದ್ದಾನೆ. ಸತ್ಯ ಹೇಳಲು ಅವನಿಗೆ ಅನುಕೂಲವಾದ ಸನ್ನಿವೇಶ ಅಲ್ಲ ಎಂದು ಯಾರಾದರೂ ಒಪ್ಪಬೇಕು.

"ಇನ್ಹೇಲರ್," ಎಂದ ಮಹಾಬಲ.

"ಯಾರಿಗೆ?"

"ನನಗೆ. ಸ್ವಲ್ಪ ಉಬ್ಬಸ ಅಂತೆ. ನೀನು ಹೆದರುತ್ತಿ ಅಂತ ಹೇಳಲಿಲ್ಲ."

"ಈ ಸೆಲ್?"

"ಔಷಧಿಯನ್ನು ಆವಿ ಮಾಡಲಿಕ್ಕೆ. ಈಗೆಲ್ಲ ಹೊಸ ಟೆಕ್ನಾಲಜಿ. ಒಂದು ಒಳಗೆ, ಒಂದು ಸ್ಪೇರ್. ಯಾವಾಗಲೂ ಜೇಬಿನಲ್ಲಿ ಇರಬೇಕು ಅಂತ ಡಾಕ್ಟರು ಹೇಳಿದ್ದಾರೆ."

ಸುಬ್ಬಲಕ್ಷ್ಮಿ ಪ್ಯಾಂಟನ್ನು ಹಾಗೆಯೇ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತಳು. ತನ್ನ ಗಂಡನಿಗೆ ಉಸಿರಾಟದ ಕಾಯಿಲೆ. ತಾನೋ ಇಷ್ಟು ದಿನ ಅವನಿಗೆ ರಾತ್ರಿ ಮೊಸರು ಬಡಿಸುತ್ತಾ ಬಂದವಳು. ಮೆಷಿನ್ನು ನೀರು ತುಂಬಿಸಿಕೊಂಡು ಬಟ್ಟೆಗಾಗಿ ಕಾಯುತ್ತಾ ಬೀಪ್ ಬೀಪ್ ಅನ್ನುತ್ತಿತ್ತು.

ಪಕ್ಕದ ಫ್ಲ್ಯಾಟಿನ ಜಾಯ್ಸ್ ಚೇಚಿಗೆ, ಅಂದರೆ ಜಾಯ್ಸ್ ಅಕ್ಕನಿಗೆ, ವಿಷಯ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಾಂಬಾರಿಗೆ ಕರಿಬೇವು ಕೇಳಲು ಬಂದವರು ಸುಬ್ಬಲಕ್ಷ್ಮಿಯ ಮುಖ ನೋಡಿಯೇ ಬಾಗಿಲಲ್ಲಿ ನಿಂತರು.

"ನನಗೆ ಮೊದಲೇ ಸಂಶಯ ಇತ್ತು ಲಕ್ಷ್ಮೀ," ಎಂದರು. "ಸಾರ್ ದಿನಾ ಸಂಜೆ ಬಾಲ್ಕನಿಯಲ್ಲಿ ಒಬ್ಬರೇ ನಿಂತು ಉಸಿರು ಎಳೆಯುವುದು, ಬಿಡುವುದು. ಪಾಪ, ಪ್ರಾಣಾಯಾಮ ಅಂದುಕೊಂಡಿದ್ದೆ. ಮತ್ತೆ ಆ ಅನಾನಸಿನ ಪರಿಮಳ. ನೀನು ಜಾಮ್ ಮಾಡಿ ನಮಗೆ ಕೊಡದೆ ತಿನ್ನುತ್ತೀ ಅಂತ ನನ್ನ ಮನೆಯವರ ಹತ್ತಿರ ಹೇಳಿಯೂ ಬಿಟ್ಟಿದ್ದೆ. ಕರ್ತನೇ ಕ್ಷಮಿಸಬೇಕು."

ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಗೊತ್ತಾಯಿತು. ಮಹಾಬಲ ಲಿಫ್ಟಿಗೆ ಬಂದರೆ ಒಳಗಿದ್ದವರು ಅವನಿಗೆ ಗಾಳಿ ಬರಲಿ ಎಂದು ಹೊರಗೆ ಇಳಿದು ಮೆಟ್ಟಿಲು ಹತ್ತಿದರು. ಫ್ಲ್ಯಾಟಿನ ಸಂಘದ ಕಾರ್ಯದರ್ಶಿ ಅವನಿರುವ ನಾಲ್ಕನೆಯ ಮಹಡಿಯವರಿಗೆ ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚಲು ಸೂಚಿಸಿದರು. ಮೂರನೆಯ ಮಹಡಿಯಿಂದ ಆಡುಸೋಗೆಯ ಕಷಾಯ ಬಂತು, ಐದರಿಂದ ತೈಲ. ಜಾಯ್ಸ್ ಚೇಚಿ ಚರ್ಚಿನ ಪ್ರಾರ್ಥನೆಗೆ ಅವನ ಹೆಸರು ಕೊಟ್ಟು ಬಂದರು. ಆಫೀಸಿನಲ್ಲಿ ಅವನ ಮೇಜನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಹಳೆಯ ಫೈಲುಗಳ ಧೂಳು ತಾಗಬಾರದೆಂದು ಹಳೆಯ ಫೈಲುಗಳನ್ನೇ ಬೇರೆಯವರಿಗೆ ಕೊಟ್ಟರು. ಮಹಾಬಲನಿಗೆ ಮೊದಲ ದಿನ ಭಯವಾಯಿತು, ಎರಡನೆಯ ದಿನ ನಾಚಿಕೆಯಾಯಿತು. ಮೂರನೆಯ ದಿನ ಅವನು ಮೆಟ್ಟಿಲ ಬುಡದಲ್ಲಿ ನಿಂತು ಎದೆಯ ಮೇಲೆ ಕೈ ಇಟ್ಟುಕೊಳ್ಳಲು ಶುರುಮಾಡಿದ.

ತಿರುವನಂತಪುರದಿಂದ ಅವನ ತಂಗಿ ವಸಂತ ಫೋನು ಮಾಡಿದಳು. ವಸಂತ ಯಾವ ಕಾಯಿಲೆಯನ್ನೂ ಅರ್ಧಕ್ಕೆ ಬಿಡುವವಳಲ್ಲ.

"ಅತ್ತಿಗೆ, ನಾನು ಇಲ್ಲಿಯ ದೇವಿಗೆ ಹರಕೆ ಹೇಳಿಯಾಯ್ತು. ಬೆಳ್ಳಿಯ ಶ್ವಾಸಕೋಶ ಒಪ್ಪಿಸುತ್ತೇನೆ ಅಂತ. ನಮ್ಮ ಮನೆಯವರು ದೊಡ್ಡ ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಿದ್ದಾರೆ, ಭಾನುವಾರ ಬೆಳಿಗ್ಗೆ. ಪರಿಚಯ ಅಂತ ತಮ್ಮ ಮನೆಯಲ್ಲೇ ನೋಡುತ್ತಾರಂತೆ. ಶನಿವಾರವೇ ಬನ್ನಿ, ಮೊದಲು ಹರಕೆ, ಆಮೇಲೆ ಡಾಕ್ಟರು."

"ಶ್ವಾಸಕೋಶ ಬೆಳ್ಳಿಯಲ್ಲಿ ಸಿಗ್ತದಾ?"

"ಕಣ್ಣು ಸಿಗ್ತದೆ, ಕೈಕಾಲು ಸಿಗ್ತದೆ. ಇದು ಯಾಕೆ ಸಿಗುವುದಿಲ್ಲ?"

ಕಲೂರಿನ ಬೆಳ್ಳಿ ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ತಗಡಿನ ಅಂಗಾಂಗಗಳನ್ನೆಲ್ಲ ಹೊರಗೆ ಹರವಿದ. ಕಣ್ಣು, ಕಿವಿ, ಮೊಣಕಾಲು, ಹೊಟ್ಟೆ. ಹೃದಯ ಮೂರು ಅಳತೆಯಲ್ಲಿತ್ತು. "ಶ್ವಾಸಕೋಶ ಯಾರೂ ಕೇಳಿದ್ದೇ ಇಲ್ಲ ಚೇಚಿ," ಎಂದ. "ಹೃದಯ ತೆಗೆದುಕೊಳ್ಳಿ, ಪಕ್ಕದಲ್ಲೇ ಅಲ್ಲವಾ ಇರುವುದು? ದೇವರಿಗೆ ಅರ್ಥ ಆಗ್ತದೆ."

ದೇವರಿಗೆ ಅರ್ಥವಾದರೂ ವಸಂತಳಿಗೆ ಆಗುವುದಿಲ್ಲ ಎಂದು ಸುಬ್ಬಲಕ್ಷ್ಮಿಗೆ ಗೊತ್ತಿತ್ತು. ಕೊನೆಗೆ ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು, ಅವನು ಅದನ್ನು ನೋಡಿ ನೋಡಿ ತಗಡು ಕತ್ತರಿಸಿದ. ಜೋಡಿ ಬದನೆಕಾಯಿಯ ಹಾಗೆ ಬಂತು. ಅಂಗೈಯಗಲ, ಅಂಚು ಚೂಪು.

ಮನೆಗೆ ಬಂದವಳಿಗೆ ಇನ್ನೊಂದು ಚಿಂತೆ ಹತ್ತಿತು. ಸ್ಪೇರ್ ಸೆಲ್ಲಿನ ಹರಿದ ಸಿಪ್ಪೆಯಿಂದ ಔಷಧಿಯ ಶಕ್ತಿ ಸೋರಿ ಹೋದರೆ? ಅದಕ್ಕೊಂದು ಹೊಸ ಕವರು ಎಲ್ಲಿ ಸಿಗುತ್ತದೆಂದು ಕೇಳಿ, ಕಳಮಶ್ಶೇರಿಯ ಹಾಸ್ಟೆಲಿನಲ್ಲಿ ಇಂಜಿನಿಯರಿಂಗ್ ಓದುವ ಮಗ ಅದ್ವೈತನಿಗೆ ಎರಡರ ಫೋಟೋವನ್ನೂ ಕಳಿಸಿದಳು. ಅದ್ವೈತ್ ಅಮ್ಮನ ಮೆಸೇಜಿಗೆ ಸಾಮಾನ್ಯವಾಗಿ ಮಾರನೆಯ ದಿನ ಹೆಬ್ಬೆರಳು ತೋರಿಸುವವನು. ಈಗ ತಕ್ಷಣ ಫೋನು ಬಂತು. ಹುಡುಗ ಕನ್ನಡ ಕೇಳಿಸಿಕೊಂಡು ಅರ್ಧ ಮಲಯಾಳದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು, ಅಪ್ಪನನ್ನು ಅಚ್ಛ ಎನ್ನುವವನು. ಆದರೂ ಅವನು ಹೇಳಿದ್ದು ಅವಳಿಗೆ ಪೂರ್ತಿ ಅರ್ಥವಾಯಿತು.

"ಅಮ್ಮಾ, ಅದು ಇನ್ಹೇಲರ್ ಅಲ್ಲ. ಅಚ್ಛ ಸಿಗರೇಟು ಬಿಟ್ಟಿಲ್ಲ. ಅದು ವೇಪ್, ಬ್ಯಾಟರಿ ಸಿಗರೇಟು."

ಸುಬ್ಬಲಕ್ಷ್ಮಿ ಡಬ್ಬಿಯನ್ನು ಇನ್ನೊಮ್ಮೆ ಮೂಸಿದಳು.

"ಅದು ಹೋಗಲಿ. ಆ ಬಿಡಿ ಸೆಲ್ ಇದೆಯಲ್ಲ, ಅದು ಲಿಥಿಯಂ. ಫೋನಿನ ಬ್ಯಾಟರಿಯಲ್ಲಿ ಒಂದು ಸಣ್ಣ ಸರ್ಕ್ಯೂಟ್ ಕಾವಲಿಗೆ ಇರುತ್ತದೆ, ಕರೆಂಟು ಹೆಚ್ಚಾದರೆ ಕಟ್ ಮಾಡುತ್ತದೆ. ಇದಕ್ಕೆ ಕಾವಲಿಲ್ಲ. ತಲೆಯ ಬಟನ್ ಪ್ಲಸ್, ಉಳಿದ ಮೈಯೆಲ್ಲ ಮೈನಸ್. ನಡುವೆ ಇರುವುದು ಆ ಹಸಿರು ಸಿಪ್ಪೆ ಮಾತ್ರ. ಅದು ಹರಿದಲ್ಲಿ ಒಂದು ನಾಣ್ಯವೋ ಕೀಯೋ ಎರಡಕ್ಕೂ ತಾಗಿದರೆ ಸಾಕು, ಕೆಂಡ ಆಗುತ್ತದೆ. ಸಿಡಿಯಲೂಬಹುದು. ಅಚ್ಛ ಅದನ್ನು ಎಲ್ಲಿ ಇಟ್ಟುಕೊಳ್ಳುವುದು?"

"ಪ್ಯಾಂಟಿನ ಜೇಬಿನಲ್ಲಿ."

"ಅಯ್ಯೋ ದೇವರೇ," ಎಂದ ಅದ್ವೈತ್.

"ಕಸಕ್ಕೆ ಬಿಸಾಡಲಾ?"

"ಬೇಡ ಬೇಡ. ಕಸದ ಲಾರಿಗೆ ಬೆಂಕಿ ಹಿಡಿದೀತು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಇಡಿ. ನಾನು ಮುಂದಿನ ವಾರ ಬಂದು ತೆಗೆದುಕೊಂಡು ಹೋಗುತ್ತೇನೆ. ನಾನು ಹೇಳಿದ್ದು ಅಂತ ಅಚ್ಛನಿಗೆ ಹೇಳಬೇಡಿ."

ಸುಬ್ಬಲಕ್ಷ್ಮಿ ಹೇಳಲಿಲ್ಲ. ಗಂಡ ತಾನಾಗಿಯೇ ಹೇಳಲಿ, ಅಷ್ಟು ಮರ್ಯಾದೆ ಅವನಿಗೆ ಉಳಿಯಲಿ ಎಂದು ದಾರಿ ಬಿಟ್ಟಳು. ಊಟಕ್ಕೆ ಕುಳಿತಾಗ ಕೇಳಿದಳು, "ನಿಮಗೆ ನನ್ನ ಹತ್ತಿರ ಎಂತಾದರೂ ಹೇಳಲಿಕ್ಕೆ ಉಂಟಾ?"

"ಉಂಟು," ಎಂದ ಮಹಾಬಲ ಗಂಭೀರವಾಗಿ. "ಸಾಂಬಾರಿಗೆ ಉಪ್ಪು ಕಡಿಮೆ."

ಅವಳು ಸೆಲ್ಲನ್ನು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿಗೆ ಹಾಕಿಟ್ಟಳು. ಅವನು ತೆಗೆದ. "ಔಷಧಿಗೆ ಸೋಪಿನ ವಾಸನೆ ಹಿಡಿಯುವುದಿಲ್ಲವಾ, ಮಾರಾಯ್ತಿ?" ಎಂದು ತಿಳಿಹೇಳಿ, ಮತ್ತೆ ಜೇಬಿಗೆ ಇಳಿಸಿದ. ಆಮೇಲೆ ಸುಬ್ಬಲಕ್ಷ್ಮಿಗೆ ಉಳಿದದ್ದು ಒಂದೇ ಕೆಲಸ. ಆ ಜೇಬಿಗೆ ಬೇರೆ ಯಾವ ಲೋಹವೂ ಹೋಗದಂತೆ ನೋಡಿಕೊಳ್ಳುವುದು.

ಇದು ಹೇಳಿದಷ್ಟು ಸುಲಭವಲ್ಲ. ಗಂಡಸಿನ ಜೇಬು ರೈಲ್ವೆ ಸ್ಟೇಷನ್ನಿನ ಹಾಗೆ, ಯಾವಾಗ ಎಂತದು ಬಂದು ಇಳಿಯುತ್ತದೆಂದು ಹೇಳಲಾಗದು. ಅವಳು ಮನೆಯ ಕೀಗೊಂಚಲು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ಕೂಟರಿನ ಕೀ ಅಡಗಿಸಿದಳು, ಅವನು ಎರಡು ದಿನ ಬಸ್ಸಿನಲ್ಲಿ ಹೋದ. ಬಸ್ಸಿನಲ್ಲಿ ಚಿಲ್ಲರೆ ಕೊಡುತ್ತಾರೆಂದು ಹೊಳೆದಾಗ ಸ್ಟಾಪಿಗೇ ಓಡಿಹೋಗಿ ಸರಿಯಾದ ನೋಟು ಕೊಟ್ಟು ಬಂದಳು. ಶನಿವಾರ ಎರ್ನಾಕುಳದಿಂದ ರೈಲು ಹತ್ತಿದ ಮೇಲಂತೂ ಅವಳ ಕಣ್ಣು ಕಾಯಲಿನ ಹಿನ್ನೀರಿನ ಮೇಲೂ ಇರಲಿಲ್ಲ, ತೆಂಗಿನ ಮರದ ಮೇಲೂ ಇರಲಿಲ್ಲ, ಆ ಬಲಗಡೆಯ ಜೇಬಿನ ಮೇಲೆಯೇ ಇತ್ತು. ಚಹಾ ಮಾರುವವನು ಚಿಲ್ಲರೆ ಮರಳಿಸಲು ಕೈ ಚಾಚಿದ. ಮಹಾಬಲನೂ ಕೈ ಚಾಚಿದ. ಇಬ್ಬರ ನಡುವೆ ಸುಬ್ಬಲಕ್ಷ್ಮಿ ಸೆರಗು ಒಡ್ಡಿದಳು.

ಎದುರು ಸೀಟಿನ ವಯಸ್ಸಾದವರು ತಮ್ಮ ಹೆಂಡತಿಗೆ ಮಲಯಾಳದಲ್ಲಿ ಹೇಳಿದರು, "ನೋಡು, ನೀನೇ ವಾಸಿ. ಪಾಪ, ಆ ಮನುಷ್ಯನಿಗೆ ಚಹಾದ ಚಿಲ್ಲರೆ ಮುಟ್ಟಲಿಕ್ಕೂ ಸ್ವಾತಂತ್ರ್ಯ ಇಲ್ಲ."

ತಿರುವನಂತಪುರದಲ್ಲಿ ವಸಂತ ಅಣ್ಣನನ್ನು ಆಟೋದಿಂದ ಹಿಡಿದು ಇಳಿಸಿದಳು. ಅವಳ ಗಂಡ ಗಣಪತಿ ವಕೀಲ. ಅವನು ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆಫೀಸಿನ ಧೂಳಿನಿಂದ ಬಂದ ಕಾಯಿಲೆ ಅಂತ ಸಾಬೀತು ಮಾಡಬಹುದು," ಎಂದ. ನಿಜವಾದ ಅಪಾಯ ಬಂದದ್ದು ಅವರ ಮಗಳು ಅಪರ್ಣಾಳ ರೂಪದಲ್ಲಿ. ಒಂಬತ್ತನೆಯ ತರಗತಿಯ ಈ ಹುಡುಗಿಗೆ ಚಿಕ್ಕಂದಿನಿಂದಲೂ ಉಬ್ಬಸ. ಕುಟುಂಬದಲ್ಲಿ ತನಗೊಬ್ಬರು ಜೊತೆ ಸಿಕ್ಕಿದರೆಂದು ಅವಳಿಗೆ ಬಹಳ ಸಂತೋಷವಾಗಿತ್ತು. ತನ್ನ ನೀಲಿ ಇನ್ಹೇಲರನ್ನು ತಂದು ಮಾವನ ಮುಂದೆ ಹಿಡಿದಳು.

"ಮಾಮನದು ಯಾವುದು? ತೋರಿಸಿ. ದಿನಕ್ಕೆ ಎಷ್ಟು ಪಫ್?"

"ಬೇಕಾದ ಹಾಗೆ," ಎಂದ ಮಹಾಬಲ.

"ಹಾಗೆಲ್ಲ ತೆಗೆದುಕೊಳ್ಳಬಾರದು. ತೆಗೆದ ಮೇಲೆ ಬಾಯಿ ಮುಕ್ಕಳಿಸ್ತೀರಾ?"

"ಇಲ್ಲ."

"ನನ್ನದರಲ್ಲಿ ಬ್ಯಾಟರಿಯೇ ಇಲ್ಲವಲ್ಲ. ನಿಮ್ಮದಕ್ಕೆ ಯಾಕೆ?"

"ನನ್ನದು ದೊಡ್ಡವರದ್ದು," ಎಂದು ಮಹಾಬಲ ಸ್ನಾನದ ಮನೆಗೆ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಅನಾನಸು ಬಂತು. ವಸಂತ ಅತ್ತಿಗೆಯ ಕೈ ಹಿಡಿದು, "ಎಷ್ಟು ಕಷ್ಟಪಡುತ್ತಾನೆ ನೋಡು," ಎಂದು ಕಣ್ಣು ತುಂಬಿಕೊಂಡಳು. ಸುಬ್ಬಲಕ್ಷ್ಮಿ ಬಾಗಿಲನ್ನೇ ನೋಡಿದಳು.

ದೇವಿಯ ಗುಡಿ ವಸಂತಳ ಮನೆಯ ಹಿಂದಿನ ಬೀದಿಯಲ್ಲಿ. ಗಂಡಸರು ಅಂಗಿ ತೆಗೆದು, ಮುಂಡು ಎಂಬ ಪಂಚೆ ಉಟ್ಟು ಒಳಗೆ ಹೋಗಬೇಕು. ಮರೆತು ಪ್ಯಾಂಟಿನಲ್ಲಿ ಬಂದವರು ಅದರ ಮೇಲೆಯೇ ಮುಂಡು ಸುತ್ತಿಕೊಂಡರೂ ನಡೆಯುತ್ತದೆ. ಮಹಾಬಲ ಮರೆಯದೆಯೇ ಪ್ಯಾಂಟಿನಲ್ಲಿ ಬಂದಿದ್ದ. ಜೇಬಿಲ್ಲದೆ ಅವನಿಗೆ ನಡೆಯುವಂತಿರಲಿಲ್ಲ. ಗಣಪತಿ ಎರವಲು ಕೊಟ್ಟ ಬಿಳಿ ಮುಂಡನ್ನು ಮೇಲೆ ಸುತ್ತಿಕೊಂಡು, ಬರಿಮೈಯಲ್ಲಿ, ಹಣ್ಣುಕಾಯಿಯ ತಟ್ಟೆ ಎರಡು ಕೈಯಲ್ಲಿ ಹಿಡಿದು ಗಂಡಸರ ಸಾಲಿನಲ್ಲಿ ನಿಂತ. ಹೆಂಗಸರ ಸಾಲು ಹಗ್ಗದ ಆಚೆ ಇತ್ತು. ಬೆಳ್ಳಿಯ ತಗಡು ಸುಬ್ಬಲಕ್ಷ್ಮಿಯ ಚೀಲದಲ್ಲಿ, ಮೂರು ಸುತ್ತು ಕಾಗದದೊಳಗೆ ಭದ್ರವಾಗಿತ್ತು.

ಅರ್ಚಕರು ಬಾಗಿಲಲ್ಲಿ ಕಾಣಿಸಿಕೊಂಡು, ಹರಕೆಯ ವಸ್ತು ರೋಗಿಯ ಮೈಗೆ ತಾಗಿಕೊಂಡೇ ಮೂರು ಪ್ರದಕ್ಷಿಣೆ ಬರಬೇಕು ಎಂದರು.

ಸುಬ್ಬಲಕ್ಷ್ಮಿ ಬೇಡ ಅನ್ನುವ ಮೊದಲೇ ವಸಂತ ಅವಳ ಚೀಲಕ್ಕೆ ಕೈ ಹಾಕಿ, ಕಾಗದ ಬಿಚ್ಚಿ, ಹಗ್ಗದ ಕೆಳಗೆ ನುಸುಳಿ ಆಚೆ ಹೋಗಿದ್ದಳು. ಅಣ್ಣನ ಎರಡೂ ಕೈಯಲ್ಲಿ ತಟ್ಟೆ. ಅಂಗಿ ಇಲ್ಲ. ಮುಂಡಿನ ಅಂಚು ಸರಿಸಿ ಅವಳು ತಗಡನ್ನು ಪ್ಯಾಂಟಿನ ಬಲಗಡೆಯ ಜೇಬಿಗೆ ತುರುಕಿದಳು.

"ವಸಂತಾ, ಆ ಜೇಬಿಗೆ ಬೇಡ," ಎಂದು ಸುಬ್ಬಲಕ್ಷ್ಮಿ ಕೂಗಿದಳು. ಅದೇ ಕ್ಷಣ ಚೆಂಡೆ ಶುರುವಾಯಿತು. ವಸಂತ ದೂರದಿಂದ ತಲೆಯಾಡಿಸಿ ನಕ್ಕಳು. ಸುಬ್ಬಲಕ್ಷ್ಮಿ ಹಗ್ಗ ದಾಟಲು ಹೋದಳು. ಕಾವಲಿನವನು ಕೋಲು ಅಡ್ಡ ಹಿಡಿದ.

"ನನ್ನ ಗಂಡನ ಜೇಬಿನಲ್ಲಿ ಬೆಂಕಿ ಉಂಟು," ಎಂದಳು ಅವಳು, ಅವಸರದಲ್ಲಿ ಕನ್ನಡದಲ್ಲೇ.

"ಎಲ್ಲರಿಗೂ ದರ್ಶನ ಆಗ್ತದೆ ಅಮ್ಮಾ, ಸಾಲಿನಲ್ಲಿ ನಿಲ್ಲಿ," ಎಂದ ಅವನು ಮಲಯಾಳದಲ್ಲಿ.

ಮೊದಲ ಪ್ರದಕ್ಷಿಣೆ ಮಹಾಬಲ ಶಾಂತವಾಗಿ ಮುಗಿಸಿದ. ಎರಡನೆಯದರ ಅರ್ಧದಲ್ಲಿ ಅವನ ನಡಿಗೆ ಚುರುಕಾಯಿತು. ನಾಗನಕಟ್ಟೆಯ ಹತ್ತಿರ ಓಟವಾಯಿತು. ಮುಂದಿದ್ದ ಇಬ್ಬರನ್ನು ಹಿಂದೆ ಹಾಕಿ, ತಟ್ಟೆಯನ್ನು ಕೈಬಿಟ್ಟು, ಬಲಗಾಲನ್ನು ನೆಲಕ್ಕೆ ತಾಗಿಸದೆ ಅವನು ಕುಣಿಯಲು ತೊಡಗಿದಾಗ ಚೆಂಡೆಯವನು ಉತ್ಸಾಹ ಬಂದು ತಾಳವನ್ನು ಏರಿಸಿದ. ಮುಂಡಿನ ಒಳಗಿನಿಂದ ಹೊಗೆ ಎದ್ದಿತು. ಮುದುಕಿಯೊಬ್ಬಳು ಕೈ ಮುಗಿದು, "ಅಮ್ಮೇ, ಒಪ್ಪಿಕೊಂಡೆಯಾ," ಎಂದು ನೆಲಕ್ಕೆ ಹಣೆ ಹಚ್ಚಿದಳು. ಅವಳನ್ನು ನೋಡಿ ಇನ್ನೂ ನಾಲ್ಕು ಜನ ಹಚ್ಚಿದರು.

ಸುಬ್ಬಲಕ್ಷ್ಮಿ ಕೋಲಿನ ಕೆಳಗೆ ನುಗ್ಗಿದಳು. ಅಡ್ಡಬಿದ್ದವರನ್ನು ದಾಟಿ, ಗಂಡನ ಮುಂಡನ್ನು ಒಂದೇ ಎಳೆತಕ್ಕೆ ಬಿಚ್ಚಿ ಎಸೆದಳು. ಆಮೇಲೆ ದೇವಿಯ ಎದುರಿಗೆ, ಸಮಸ್ತ ಭಕ್ತರ ಎದುರಿಗೆ, ಪ್ಯಾಂಟನ್ನೂ ಕೆಳಗೆಳೆದಳು. ಪ್ಯಾಂಟು ಕಲ್ಲಿನ ಮೇಲೆ ಬಿತ್ತು, ಬುಸ್ ಎಂದಿತು, ಟಪ್ ಎಂದು ಸಿಡಿಯಿತು. ಜೇಬಿನ ಜಾಗದಲ್ಲಿ ಅಂಗೈಯಗಲ ತೂತು. ಕಾವಲಿನವನು ಕಾಲು ತೊಳೆಯುವ ತೊಟ್ಟಿಯ ನೀರನ್ನು ಬಕೆಟಿನಿಂದ ಸುರಿದ, ಮತ್ತೆ ಸುರಿದ, ಹೊಗೆ ನಿಲ್ಲುವವರೆಗೆ ಸುರಿದ. ನಡುವೆ ಒಂದು ಬಕೆಟು ಮಹಾಬಲನ ತೊಡೆಯ ಮೇಲೆ ಬಿತ್ತು. ಅವನು ಪಟ್ಟೆಪಟ್ಟೆಯ ಚಡ್ಡಿಯಲ್ಲಿ ನಿಂತು, ಬೆಂದ ತೊಡೆ ಹಿಡಿದುಕೊಂಡು, ನಡುಗುತ್ತಿದ್ದ. ಉಸಿರಾಟ ಮಾತ್ರ ಚೆನ್ನಾಗಿತ್ತು.

ಗೇಟಿನ ಪೊಲೀಸಿನವನು ಬಂದು, ಒದ್ದೆ ಪ್ಯಾಂಟಿನಿಂದ ಕಪ್ಪು ಡಬ್ಬಿಯನ್ನು ಕೋಲಿನಿಂದ ಹೊರಗೆ ತಳ್ಳಿ, ಬಗ್ಗಿ ಮೂಸಿದ. "ಇದೇನು?"

"ಇನ್ಹೇಲರ್," ಎಂದು ಗಣಪತಿ ಮುಂದೆ ಬಂದ. "ನನ್ನ ಭಾವ ಶ್ವಾಸಕೋಶದ ರೋಗಿ. ತಯಾರಿಸಿದವರನ್ನು ನಾನು ಹೈಕೋರ್ಟಿಗೆ ಎಳೆಯುತ್ತೇನೆ."

"ಅನಾನಸಿನ ವಾಸನೆ ಬರ್ತದಲ್ಲ ಸಾರ್?"

"ಮಕ್ಕಳ ಸಿರಪ್ಪಿಗೆ ಕಿತ್ತಳೆಯ ವಾಸನೆ ಬರುವುದಿಲ್ಲವಾ? ನೀವು ಅದನ್ನು ಹಣ್ಣು ಅಂತ ಹಿಡಿಯುತ್ತೀರಾ?"

ಪೊಲೀಸಿನವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೇಟಿಗೆ ಮರಳಿದ. ಮಹಾಬಲ ಗಣಪತಿಯ ಹಿಂದೆ ಸರಿದು ನಿಂತ. ಗಣಪತಿ ಡಬ್ಬಿಯನ್ನು ಸಾಕ್ಷ್ಯವೆಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡ. ಹತ್ತಿರದ ಕ್ಲಿನಿಕ್ಕಿನಲ್ಲಿ ಗಾಯಕ್ಕೆ ಪಟ್ಟಿ ಹಾಕುವಾಗಲೂ ಕೇಳಿದ ಪ್ರಶ್ನೆಗಳಿಗೆಲ್ಲ ಅವನೇ ಉತ್ತರ ಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ಸುದ್ದಿ ಕಾಸರಗೋಡು ತಲುಪಿತ್ತು. ವಸಂತ ಕುಟುಂಬದ ವಾಟ್ಸಾಪ್ ಗುಂಪಿಗೆ ಬರೆದಿದ್ದಳು. ಇನ್ಹೇಲರ್ ಸಿಡಿಯುತ್ತದೆ, ನನ್ನ ಅಣ್ಣನ ತೊಡೆಯೇ ಸಾಕ್ಷಿ, ಮನೆಯಲ್ಲಿದ್ದರೆ ಈಗಲೇ ನೀರಿಗೆ ಹಾಕಿ. ಕೆಳಗೆ ಮುಗಿದ ಕೈಗಳು ಸಾಲುಸಾಲಾಗಿ ಬರುತ್ತಿದ್ದವು. ಒಬ್ಬ ಚಿಕ್ಕಪ್ಪ ತಮ್ಮದನ್ನು ಬಾವಿಗೇ ಹಾಕಿದೆ ಎಂದು ಬರೆದರು.

ಅಪರ್ಣಾ ಅಂಗಳದ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಳು. "ಅಮ್ಮ ನನ್ನದನ್ನು ಬಕೆಟ್ಟಿಗೆ ಹಾಕಿದ್ದಾರೆ ಅತ್ತೆ. ನನ್ನದರಲ್ಲಿ ಬ್ಯಾಟರಿಯೇ ಇಲ್ಲ ಅಂದರೆ ಕೇಳುವುದಿಲ್ಲ."

"ಬ್ಯಾಟರಿ ಕಾಣುವ ಹಾಗೆ ಇದ್ದದ್ದೇ ಸಿಡಿಯಿತು. ಕಾಣದ್ದು ಇನ್ನೂ ಅಪಾಯ," ಎಂದಳು ವಸಂತ ಒಳಗಿನಿಂದ. "ಎರಡು ದಿನ ಕಷಾಯ ಕುಡಿ, ಏನೂ ಆಗುವುದಿಲ್ಲ. ಅಲ್ಲವಾ ಅಣ್ಣ?"

ಮಹಾಬಲ ದಿವಾನಿನ ಮೇಲೆ ಎಡಮಗ್ಗುಲಾಗಿ ಮಲಗಿದ್ದ. ಸುಬ್ಬಲಕ್ಷ್ಮಿ ಅವನ ಮುಖ ನೋಡಿದಳು. ಅವನೂ ನೋಡಿದ. ಹುಡುಗಿ ಮತ್ತೆ ಕೆಮ್ಮಿದಳು, ಈ ಸಲ ಉದ್ದಕ್ಕೆ, ಕೊನೆಯಲ್ಲಿ ಒಂದು ಸಿಳ್ಳೆಯಂಥ ಸದ್ದಿನೊಂದಿಗೆ.

"ಹೌದು," ಎಂದ ಮಹಾಬಲ. "ಜಾಗ್ರತೆ ಮಾಡುವುದು ಒಳ್ಳೆಯದು." ಹೇಳಿ ಗೋಡೆಯ ಕಡೆಗೆ ಹೊರಳಲು ಹೋದ. ಆ ಮಗ್ಗುಲಲ್ಲಿ ಪಟ್ಟಿ ಇದ್ದುದರಿಂದ ಆಗಲಿಲ್ಲ. ಕಣ್ಣು ಮುಚ್ಚಿಕೊಂಡ.

ಸುಬ್ಬಲಕ್ಷ್ಮಿ ಅಂಗಳಕ್ಕಿಳಿದು ಬಕೆಟ್ಟಿನಿಂದ ನೀಲಿ ಇನ್ಹೇಲರನ್ನು ಎತ್ತಿ, ಬಿಡಿಸಿ, ಸೆರಗಿನಲ್ಲಿ ಒರೆಸಿ, ಒಳಗೆ ನೀರಿಲ್ಲವೆಂದು ಊದಿ ನೋಡಿದಳು. ಅಪರ್ಣಾ ಅಲ್ಲಿಯೇ ಬಾಳೆಯ ಮರೆಯಲ್ಲಿ ನಿಂತು ಎಳೆದುಕೊಂಡಳು. ಉಸಿರು ಹಿಡಿದಳು, ಬಿಟ್ಟಳು. ಸ್ವಲ್ಪ ಹೊತ್ತಿಗೆ ಸಿಳ್ಳೆ ನಿಂತಿತು.

"ಕಿಸೆಯಲ್ಲಿ ಇಟ್ಟುಕೊ," ಎಂದಳು ಸುಬ್ಬಲಕ್ಷ್ಮಿ. "ಬೇಕಾದಾಗ ತೆಗೆದುಕೊ. ಯಾರನ್ನೂ ಕೇಳಬೇಡ."

ಒಳಗೆ ಗಣಪತಿ ನಾಳೆಯ ಏರ್ಪಾಟು ವಿವರಿಸುತ್ತಿದ್ದ. "ಸುಟ್ಟ ಡಬ್ಬಿಯನ್ನೂ ಡಾಕ್ಟರಿಗೆ ತೋರಿಸುವ. ಭಾವ ಹೆಚ್ಚು ಮಾತಾಡುವುದು ಬೇಡ, ದಣಿವಾಗ್ತದೆ. ನಾನು ಹೇಳುತ್ತೇನೆ."

"ನಮ್ಮನ್ನೆಲ್ಲ ಒಳಗೆ ಬಿಡ್ತಾರಾ?" ಎಂದು ಸುಬ್ಬಲಕ್ಷ್ಮಿ ಗಂಜಿಯ ಪಾತ್ರೆ ಎತ್ತಿಕೊಂಡು ಬರುತ್ತಾ ಕೇಳಿದಳು.

"ಬಿಡ್ತಾರೆ ಅಕ್ಕ. ಮನೆಯಲ್ಲೇ ಅಲ್ಲವಾ ನೋಡುವುದು?"

"ವಸಂತನೂ ಅಪರ್ಣಾನೂ ಬರಲಿ," ಎಂದಳು.

"ಎಲ್ಲರೂ ಬರುವ," ಎಂದ ಗಣಪತಿ ಧಾರಾಳವಾಗಿ.

ಅವಳು ಬಟ್ಟಲಿಗೆ ಗಂಜಿ ಬಡಿಸಿದಳು. ನಾಳೆ ಡಾಕ್ಟರು ಮೊದಲು ಡಬ್ಬಿಯನ್ನು ತೋರಿಸಿ ಇದೇನು ಎಂದು ಕೇಳುತ್ತಾರೆ. ಗಣಪತಿ ಗಂಟಲು ಸರಿಮಾಡಿಕೊಳ್ಳಲು ಒಂದು ಕ್ಷಣ ತೆಗೆದುಕೊಳ್ಳುತ್ತಾನೆ. ಅವಳಿಗೆ ನಿಜ ಹೇಳಿಬಿಡಲು ಅಷ್ಟು ಸಾಕು.

ಮಹಾಬಲ ಒಂದು ಕಣ್ಣು ತೆರೆದ. "ಎಂತ ಯೋಚನೆ ಮಾಡುವುದು ನೀನು?"

"ಎಂತ ಇಲ್ಲ," ಎಂದಳು ಸುಬ್ಬಲಕ್ಷ್ಮಿ. "ಎದ್ದು ಕೂತುಕೊಳ್ಳಿ, ಗಂಜಿ ಆರ್ತದೆ."